ರಕ್ತದ ವರದಿ ‘ನೆಗೆಟಿವ್’, ಗೆಡ್ಡೆಯಲ್ಲಿ ಎಂಎಸ್‌ಎಚ್2 ನಾಪತ್ತೆ: ಲಿಂಚ್ ಸಿಂಡ್ರೋಮ್‌ನ ಒಂದು ಪ್ರಕರಣ ಅಧ್ಯಯನ

ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು ಮೂರು ಲಿಂಚ್ ಸಿಂಡ್ರೋಮ್‌ನಿಂದ, ಅಂದರೆ ವಂಶಪಾರಂಪರ್ಯವಾಗಿ ಬರುವ ಒಂದು ಜೀನ್ ದೋಷದಿಂದ, ಬರುತ್ತವೆ. ಇವುಗಳಲ್ಲಿ ಬಹುಪಾಲನ್ನು ಹಲವು ಜೀನ್‌ಗಳನ್ನು ಒಟ್ಟಿಗೆ ಓದುವ ಈಗಿನ ಜೀನ್ ಪ್ಯಾನೆಲ್ ಪರೀಕ್ಷೆ ಒಂದೇ ಸಲಕ್ಕೆ ಹಿಡಿದುಕೊಡುತ್ತದೆ. ಗೆಡ್ಡೆ ಒಂದು ಹೇಳಿ ರಕ್ತ ಇನ್ನೊಂದು ಹೇಳಿದಾಗ ಏನು ಮಾಡಬೇಕು ಎಂಬುದಷ್ಟೇ ಇಲ್ಲಿನ ವಿಷಯ. ಹಲವು ಕುಟುಂಬಗಳಲ್ಲಿ ಮತ್ತೆ ಮತ್ತೆ ಕಾಣುವ ಅಂಶಗಳನ್ನು ಸೇರಿಸಿ ಕಟ್ಟಿದ ಮಾದರಿ ಪ್ರಕರಣ ಇದು. ವಯಸ್ಸು, ಅಳತೆ, ಶೇಕಡಾವಾರು ಅಂಕಿಗಳು ಯಾವುದೇ ಒಬ್ಬ ರೋಗಿಯವಲ್ಲ. ಜೀನ್, ಮ್ಯುಟೇಶನ್ (ಜೀನಿನಲ್ಲಾದ ಬದಲಾವಣೆ), ಅದು ಕಣ್ತಪ್ಪುವ ಬಗೆ ಮಾತ್ರ ವಾಸ್ತವವಾದವು.

ರೋಗಿ ಮತ್ತು ಕುಟುಂಬ

41 ವರ್ಷದ ಪುರುಷ. ಕೆಲವು ತಿಂಗಳಿಂದ ಸುಸ್ತು, ಏದುಸಿರು. ಹಿಮೋಗ್ಲೋಬಿನ್ 8.6, ಕಬ್ಬಿಣಾಂಶ ತೀರಾ ಕಡಿಮೆ. ಈ ವಯಸ್ಸಿನ ಗಂಡಸಿಗೆ ಕಾರಣವಿಲ್ಲದೆ ಕಬ್ಬಿಣದ ಕೊರತೆ ಬರುವುದಿಲ್ಲ, ಹಾಗಾಗಿ ಮಾತ್ರೆ ಕೊಟ್ಟು ಕಳಿಸದೆ ಕೊಲೊನೋಸ್ಕೋಪಿ ಮಾಡಲಾಯಿತು. ದೊಡ್ಡ ಕರುಳಿನ ಬಲಭಾಗದಲ್ಲಿ 5 ಸೆಂ.ಮೀ. ಗೆಡ್ಡೆ ಸಿಕ್ಕಿತು. ಬಲಭಾಗದ ಕರುಳನ್ನು ಕತ್ತರಿಸಿ ತೆಗೆದರು. ಗೆಡ್ಡೆ ಸ್ನಾಯುಪದರವನ್ನು ದಾಟಿತ್ತು, ಪರೀಕ್ಷಿಸಿದ 22 ದುಗ್ಧಗ್ರಂಥಿಗಳಲ್ಲಿ ಒಂದಕ್ಕೂ ಹರಡಿರಲಿಲ್ಲ: ಎರಡನೇ ಹಂತ. ಸೂಕ್ಷ್ಮದರ್ಶಕದಡಿ ಲೋಳೆ ತುಂಬಿದ ಭಾಗಗಳು, ಗೆಡ್ಡೆಯ ಜೀವಕೋಶಗಳ ನಡುವೆ ನುಗ್ಗಿದ ಲಿಂಫೋಸೈಟ್‌ಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಕಂಡವು. ಅನುಭವಿ ಪೆಥಾಲಜಿಸ್ಟ್‌ಗೆ ಇಷ್ಟೇ ಸಾಕು, ಮುಂದೆ ಯಾವ ಪರೀಕ್ಷೆ ಎಂದು ತಿಳಿಯುತ್ತದೆ.

ತಾಯಿಗೆ 49ರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಆಗಿತ್ತು, ಬದುಕಿದ್ದಾರೆ. ಸೋದರಮಾವನಿಗೆ 44ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್, ತೀರಿಕೊಂಡಿದ್ದಾರೆ. 36ರ ತಂಗಿ ಆರೋಗ್ಯವಾಗಿದ್ದಾರೆ. ಮೊದಲು ಕೇಳಿದಾಗ ರೋಗಿ “ಅಮ್ಮನಿಗೆ ಗರ್ಭಕೋಶ ತೆಗೆದಿದ್ದಾರೆ” ಎಂದಷ್ಟೇ ಹೇಳಿದ್ದರು. ಏಕೆ ತೆಗೆದರು ಎಂದು ಎರಡನೇ ಸಲ ಕೇಳಿ, ಹಳೆಯ ಡಿಸ್ಚಾರ್ಜ್ ಪತ್ರ ತರಿಸಿದ ಮೇಲೆ ಕ್ಯಾನ್ಸರ್ ಎಂದು ಗೊತ್ತಾಯಿತು. ಕುಟುಂಬ ಚರಿತ್ರೆ ಬರೆದುಕೊಳ್ಳುವಾಗ ‘ಆಪರೇಷನ್ ಆಗಿದೆ’ ಎಂಬ ಪ್ರತಿಯೊಂದು ಉತ್ತರದ ಹಿಂದೆಯೂ ‘ಯಾಕೆ’ ಎಂದು ಕೇಳಬೇಕು.

ಈ ಒಂದು ವಿವರ ಎಲ್ಲವನ್ನೂ ಬದಲಿಸುತ್ತದೆ. ಕುಟುಂಬ ಚರಿತ್ರೆಯಿಂದ ಲಿಂಚ್ ಗುರುತಿಸುವ 1990ರ ಆಮ್‌ಸ್ಟರ್‌ಡ್ಯಾಮ್ ಮಾನದಂಡದಲ್ಲಿ ಲೆಕ್ಕಕ್ಕೆ ಬರುತ್ತಿದ್ದುದು ಕರುಳಿನ ಕ್ಯಾನ್ಸರ್ ಮಾತ್ರ. 1999ರ ಪರಿಷ್ಕರಣೆಯಲ್ಲಿ ಗರ್ಭಕೋಶದ ಒಳಪದರ, ಸಣ್ಣ ಕರುಳು, ಮೂತ್ರನಾಳ ಮತ್ತು ಮೂತ್ರಪಿಂಡದ ಕುಹರದ ಕ್ಯಾನ್ಸರ್‌ಗಳೂ ಸೇರಿದವು. ಹೊಸ ಲೆಕ್ಕದಲ್ಲಿ ಈ ಕುಟುಂಬಕ್ಕೆ ಎಲ್ಲ ಷರತ್ತೂ ಹೊಂದುತ್ತದೆ: ಮೂವರಿಗೆ ರೋಗ, ತಾಯಿ ಉಳಿದಿಬ್ಬರಿಗೂ ನೇರ ರಕ್ತಸಂಬಂಧಿ, ಎರಡು ತಲೆಮಾರು, ಕನಿಷ್ಠ ಒಬ್ಬರಿಗೆ 50ರೊಳಗೆ. ಹಳೆಯ ಲೆಕ್ಕದಲ್ಲಿ ಹೊಂದುತ್ತಿರಲಿಲ್ಲ.

ಗೆಡ್ಡೆ ಹೇಳಿದ್ದು

ಲಿಂಚ್ ಸಿಂಡ್ರೋಮ್‌ನಲ್ಲಿ ಕೆಡುವುದು ಡಿಎನ್‌ಎ ನಕಲಾಗುವಾಗ ಉಳಿಯುವ ತಪ್ಪು ಜೋಡಣೆಗಳನ್ನು ತಿದ್ದುವ ವ್ಯವಸ್ಥೆ. ಇದರ ನಾಲ್ಕು ಪ್ರೋಟೀನ್‌ಗಳು ಜೋಡಿಜೋಡಿಯಾಗಿ ಕೆಲಸ ಮಾಡುತ್ತವೆ: ಎಂಎಸ್‌ಎಚ್2 ಜೊತೆ ಎಂಎಸ್‌ಎಚ್6, ಎಂಎಲ್‌ಎಚ್1 ಜೊತೆ ಪಿಎಂಎಸ್2. ಎಂಎಸ್‌ಎಚ್2 ಇಲ್ಲದೆ ಎಂಎಸ್‌ಎಚ್6 ನಿಲ್ಲುವುದಿಲ್ಲ, ಕರಗಿಹೋಗುತ್ತದೆ. ತಿರುವುಮುರುವಾಗಿ ಹಾಗಲ್ಲ: ಎಂಎಸ್‌ಎಚ್6 ಹೋದರೂ ಎಂಎಸ್‌ಎಚ್2 ಬೇರೆ ಜೊತೆಗಾರ ಪ್ರೋಟೀನ್ ಹಿಡಿದು ಉಳಿಯುತ್ತದೆ. ಹೀಗಾಗಿ ಐಎಚ್‌ಸಿ (ಅಂಗಾಂಶದಲ್ಲಿ ಪ್ರೋಟೀನ್ ಇದೆಯೇ ಎಂದು ತೋರಿಸುವ ಪರೀಕ್ಷೆ) ಬಣ್ಣ ಹಾಕಿ ನೋಡಿದಾಗ ಯಾವ ಪ್ರೋಟೀನ್ ಕಾಣೆಯಾಗಿದೆ ಎಂಬುದೇ ಯಾವ ಜೀನ್ ಎಂದು ತೋರಿಸುತ್ತದೆ.

ಇಲ್ಲಿ ಎಂಎಲ್‌ಎಚ್1, ಪಿಎಂಎಸ್2 ಸರಿಯಾಗಿದ್ದವು. ಎಂಎಸ್‌ಎಚ್2, ಎಂಎಸ್‌ಎಚ್6 ಎರಡೂ ಇರಲಿಲ್ಲ. ‘ಇಲ್ಲ’ ಎನ್ನುವ ಮೊದಲು ಒಂದು ಖಾತ್ರಿ ಬೇಕು: ಅದೇ ಸ್ಲೈಡಿನಲ್ಲಿ ಲಿಂಫೋಸೈಟ್‌ಗಳ ಮತ್ತು ಪಕ್ಕದ ಸಹಜ ಗ್ರಂಥಿಗಳ ಕೋಶಕೇಂದ್ರಗಳು ಕಂದು ಬಣ್ಣ ಹಿಡಿದಿರಬೇಕು. ಅವೂ ಬಿಳಿಚಿಕೊಂಡಿದ್ದರೆ ದೋಷ ಗೆಡ್ಡೆಯದ್ದಲ್ಲ, ಫಾರ್ಮಲಿನ್ ಒಳಗೆ ಇಳಿಯದೆ ಅಂಗಾಂಶ ಕೆಟ್ಟಿದೆ ಎಂದರ್ಥ. ದೊಡ್ಡ ತುಂಡುಗಳ ಮಧ್ಯಭಾಗದಲ್ಲಿ ಇದು ಸಾಮಾನ್ಯ. ಬಯಾಪ್ಸಿಯ ಚಿಕ್ಕ ಚೂರಿನಲ್ಲಿ ಈ ಕಾಟ ಕಡಿಮೆ, ಆದ್ದರಿಂದ ಐಎಚ್‌ಸಿಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಬಯಾಪ್ಸಿಯ ಮೇಲೆ ಮಾಡುವುದು ಮೇಲು. ಹಾಗೆ ಮಾಡಿದ್ದರೆ ಈ ರೋಗಿಗೆ ಇನ್ನಷ್ಟು ಕರುಳು ತೆಗೆಯುವುದು ಒಳಿತೇ ಎಂಬ ಚರ್ಚೆಯನ್ನು ಆಪರೇಷನ್‌ಗೆ ಮುನ್ನವೇ ನಡೆಸಬಹುದಿತ್ತು.

ಡಿಎನ್‌ಎಯಲ್ಲಿ ಒಂದೇ ಅಕ್ಷರ ಮತ್ತೆ ಮತ್ತೆ ಬರುವ ಸಾಲುಗಳ ಉದ್ದ ಬದಲಾಗಿದೆಯೇ ಎಂದು ನೋಡುವ ಮೈಕ್ರೋಸ್ಯಾಟಲೈಟ್ ಪರೀಕ್ಷೆಯಲ್ಲಿ ಬಿಎಟಿ-25, ಬಿಎಟಿ-26, ಎನ್‌ಆರ್-21, ಎನ್‌ಆರ್-24, ಮೋನೋ-27 ಎಂಬ ಐದು ಗುರುತುಗಳೂ ಅಸ್ಥಿರವಾಗಿದ್ದವು. ಎರಡು ಅಸ್ಥಿರವಾದರೂ ಸಾಕು, ಹೆಚ್ಚಿನ ಅಸ್ಥಿರತೆ ಎನ್ನುತ್ತಾರೆ. ಬಿಎಟಿ-26 ಹೆಸರನ್ನು ನೆನಪಿಟ್ಟುಕೊಳ್ಳಿ.

ಎಂಎಲ್‌ಎಚ್1 ಕಾಣೆಯಾಗಿದ್ದರೆ ದಾರಿ ಬೇರೆ ಇರುತ್ತಿತ್ತು. ವಯಸ್ಸಾದವರಲ್ಲಿ ಆ ಜೀನಿನ ಪ್ರೊಮೋಟರ್ (ಜೀನಿನ ಓದು ಶುರುವಾಗುವ ಜಾಗ) ಮಿಥೈಲೀಕರಣಗೊಂಡು (ರಾಸಾಯನಿಕ ಗುರುತು ಅಂಟಿ) ಮುಚ್ಚಿಹೋಗುವುದು ಬಹಳ ಸಾಮಾನ್ಯ, ಅದು ವಂಶಪಾರಂಪರ್ಯವಲ್ಲ. ಬಿಆರ್‌ಎಎಫ್ ಎಂಬ ಜೀನಿನ ಮತ್ತು ಮಿಥೈಲೀಕರಣದ ಪರೀಕ್ಷೆ ಮಾಡಿ ಅದನ್ನು ಬೇರ್ಪಡಿಸುತ್ತಾರೆ. ಎಂಎಸ್‌ಎಚ್2ಗೆ ಇಂಥ ಸುಲಭದ ವಿವರಣೆ ಇಲ್ಲ. ಅದು ಕಾಣೆಯಾದರೆ ಹುಟ್ಟಿನಿಂದ ಬಂದ ದೋಷದ ಅನುಮಾನ ಬಲವಾಗಿಯೇ ಇರಬೇಕು.

ಮೊದಲ ವರದಿ

ರಕ್ತದ ಡಿಎನ್‌ಎ ಮೇಲೆ ವಂಶಪಾರಂಪರ್ಯ ಕ್ಯಾನ್ಸರ್ ಪ್ಯಾನೆಲ್ ಮಾಡಿಸಲಾಯಿತು. ಸರಾಸರಿ ಆಳ 250 ಪಟ್ಟು (ಪ್ರತಿ ಜಾಗವನ್ನು ಸರಾಸರಿ ಇಷ್ಟು ಸಲ ಓದಿದ್ದಾರೆ), ಎಕ್ಸಾನ್‌ಗಳ ಆಚೀಚೆ 20 ಬೇಸ್‌ವರೆಗೆ ಇಂಟ್ರಾನ್ ಸೇರಿದಂತೆ. ಎಕ್ಸಾನ್ ಎಂದರೆ ಜೀನಿನಲ್ಲಿ ಪ್ರೋಟೀನ್‌ನ ಸಂಕೇತವಿರುವ ತುಂಡು, ಇಂಟ್ರಾನ್ ಎಂದರೆ ಅವುಗಳ ನಡುವೆ ಬಂದು ಆರ್‌ಎನ್‌ಎಯಲ್ಲಿ ಕತ್ತರಿಸಿಹೋಗುವ ಭಾಗ, ಬೇಸ್ ಎಂದರೆ ಡಿಎನ್‌ಎಯ ಒಂದು ಅಕ್ಷರ. ಫಲಿತಾಂಶ: ರೋಗಕಾರಕ ವೇರಿಯಂಟ್ (ಜೀನಿನ ಬದಲಾವಣೆ) ಕಂಡುಬಂದಿಲ್ಲ. ತಂಗಿಯೂ ಇದೇ ಪ್ಯಾನೆಲ್ ಮಾಡಿಸಿ ಅದೇ ಉತ್ತರ ಪಡೆದು ನಿರಾಳರಾಗಿದ್ದರು.

ಎಡವಟ್ಟು ಇಲ್ಲಿದೆ. ಕುಟುಂಬದ ಮ್ಯುಟೇಶನ್ ಯಾವುದೆಂದು ಗೊತ್ತಿದ್ದು, ಅದು ಒಬ್ಬರಲ್ಲಿ ಇಲ್ಲ ಎಂದಾದರೆ ಅದು ನಿಜವಾದ ನೆಗೆಟಿವ್. ಆ ವ್ಯಕ್ತಿಯ ಅಪಾಯ ಸಾಮಾನ್ಯ ಜನರಷ್ಟೇ. ಕುಟುಂಬದ ಮ್ಯುಟೇಶನ್ನೇ ಸಿಗದಿರುವಾಗ ಬಂದ ನೆಗೆಟಿವ್‌ಗೆ ಆ ಬೆಲೆ ಇಲ್ಲ, ಅದರಿಂದ ಏನೂ ತಿಳಿದಂತಾಗಲಿಲ್ಲ. ಎರಡೂ ಕಾಗದದಲ್ಲಿ ಒಂದೇ ಥರ ಕಾಣುತ್ತವೆ. ತಂಗಿಯ ಪರೀಕ್ಷೆಯನ್ನು ಆ ಹಂತದಲ್ಲಿ ಮಾಡಲೇಬಾರದಿತ್ತು. ಮಾಡಿದ ಮೇಲೂ ‘ಅಣ್ಣನ ಕಾರಣ ಸಿಗುವವರೆಗೆ ಈ ವರದಿಯಿಂದ ಅಪಾಯ ಕಡಿಮೆಯೆಂದು ಭಾವಿಸಬೇಡಿ’ ಎಂಬ ಸಾಲು ಅದರಲ್ಲಿ ಇರಬೇಕಿತ್ತು.

ಹುಡುಕಾಟ

ಎಂಎಸ್‌ಎಚ್2 ಇಲ್ಲದ ಗೆಡ್ಡೆ ಮತ್ತು ನೆಗೆಟಿವ್ ರಕ್ತ, ಈ ಜೋಡಿಗೆ ಬಿಡಿಸಬಹುದಾದ ವಿವರಣೆಗಳು ಕೆಲವೇ. ಪ್ರತಿಯೊಂದಕ್ಕೂ ಬೇರೆ ಪರೀಕ್ಷೆ ಬೇಕು.

ಮೊದಲನೆಯದು, ಜೀನಿನ ಒಂದು ತುಂಡೇ ಇಲ್ಲದಿರುವುದು ಅಥವಾ ಎರಡಾಗಿರುವುದು. ಎಂಎಸ್‌ಎಚ್2ರಲ್ಲಿ ಇದು ಅಪರೂಪವೇನಲ್ಲ. ಪ್ಯಾನೆಲ್‌ನ ಆಳದ ಲೆಕ್ಕದಿಂದ ಒಂದೇ ಎಕ್ಸಾನ್‌ನ ನಷ್ಟ ತಪ್ಪಿಹೋಗಬಹುದು, ಆದ್ದರಿಂದ ಪ್ರತಿ ಎಕ್ಸಾನ್‌ಗೆ ಎಷ್ಟು ಪ್ರತಿ ಇದೆ ಎಂದು ಎಣಿಸುವ ಎಂಎಲ್‌ಪಿಎ ಪರೀಕ್ಷೆ ಮಾಡಲಾಯಿತು: ಸಹಜ. ಅದೇ ಪರೀಕ್ಷೆಯಲ್ಲಿ ಪಕ್ಕದ ಎಪ್‌ಕ್ಯಾಮ್ ಜೀನಿನ ಕೊನೆಯ ಎಕ್ಸಾನ್‌ಗಳನ್ನೂ ನೋಡಬೇಕು. ಆ ತುದಿ ಹೋದರೆ ಎಪ್‌ಕ್ಯಾಮ್‌ನ ಓದು ನಿಲ್ಲದೆ ಎಂಎಸ್‌ಎಚ್2ರ ಪ್ರೊಮೋಟರ್ ಮೇಲೆ ಹರಿದು ಅದನ್ನು ಮುಚ್ಚಿಸುತ್ತದೆ. ಎಂಎಸ್‌ಎಚ್2 ಜೀನಿನ ಅಕ್ಷರಗಳಲ್ಲಿ ಒಂದೂ ಬದಲಾಗಿರುವುದಿಲ್ಲ. 2009ರಲ್ಲಿ ತಿಳಿದುಬಂದ ಈ ಬಗೆಯೂ ಇಲ್ಲಿರಲಿಲ್ಲ.

ಎರಡನೆಯದು, ಎಂಎಸ್‌ಎಚ್2ರ 1ರಿಂದ 7ನೇ ಎಕ್ಸಾನ್‌ವರೆಗಿನ ಭಾಗ ಸುಮಾರು 1 ಕೋಟಿ ಬೇಸ್ ಉದ್ದದ ಡಿಎನ್‌ಎ ಸಮೇತ ತಿರುಗಿ ಕೂತಿರುವುದು. ತುಂಡು ಕಳೆದಿಲ್ಲ, ಹೆಚ್ಚಾಗಿಲ್ಲ, ಹೀಗಾಗಿ ಎಂಎಲ್‌ಪಿಎಗೆ ಗೊತ್ತಾಗುವುದಿಲ್ಲ. ಮುರಿದ ಜಾಗ ಇಂಟ್ರಾನ್ ಒಳಗಿರುವುದರಿಂದ ಪ್ಯಾನೆಲ್‌ಗೂ ಗೊತ್ತಾಗುವುದಿಲ್ಲ. ಮುರಿದ ಜಾಗಗಳಿಗೆಂದೇ ಮಾಡಿದ ಪ್ರೈಮರ್‌ಗಳ (ನಕಲು ಶುರುಮಾಡಿಸುವ ಚಿಕ್ಕ ಡಿಎನ್‌ಎ ತುಂಡುಗಳ) ಪಿಸಿಆರ್ (ಆರಿಸಿದ ಡಿಎನ್‌ಎ ಭಾಗವನ್ನು ನಕಲಿಸಿ ಹೆಚ್ಚಿಸುವ ವಿಧಾನ) ಬೇಕು. ಅಗ್ಗದ, ಒಂದು ದಿನದ ಕೆಲಸ. ಎಂಎಸ್‌ಎಚ್2 ಕಾಣೆಯಾಗಿ ಕಾರಣ ಸಿಗದ ಪ್ರತಿಯೊಬ್ಬರಿಗೂ ಇದನ್ನು ಮಾಡಬೇಕು. ಇಲ್ಲಿ ನೆಗೆಟಿವ್.

ಮೂರನೆಯದು, ಹುಟ್ಟಿನ ದೋಷವೇ ಇಲ್ಲದೆ ಗೆಡ್ಡೆಯೊಳಗೇ ಜೀನಿನ ಎರಡೂ ಪ್ರತಿ (ತಾಯಿಯಿಂದ ಒಂದು, ತಂದೆಯಿಂದ ಒಂದು) ಕೆಟ್ಟಿರುವುದು. ಲಿಂಚ್‌ನಂತೆ ಕಂಡು ಕಾರಣ ಸಿಗದ ಗೆಡ್ಡೆಗಳಲ್ಲಿ ಸುಮಾರು ಅರ್ಧಕ್ಕೆ ಇದೇ ವಿವರಣೆ. ಇದನ್ನು ತಿಳಿಯಲು ಗೆಡ್ಡೆಯ ಡಿಎನ್‌ಎಯನ್ನೇ ಓದಬೇಕು. ಪ್ಯಾರಾಫಿನ್ ಬ್ಲಾಕ್‌ನಿಂದ 5 ಮೈಕ್ರಾನ್ ದಪ್ಪದ 8–10 ಪಟ್ಟಿ ಕತ್ತರಿಸಿ, ಪೆಥಾಲಜಿಸ್ಟ್ ಗುರುತು ಹಾಕಿದ ಗೆಡ್ಡೆಯ ಭಾಗವನ್ನಷ್ಟೇ ಕೆರೆದು ತೆಗೆಯಲಾಯಿತು. ಈ ಗೆಡ್ಡೆಯಲ್ಲಿ ಲಿಂಫೋಸೈಟ್‌ಗಳು ತುಂಬಿರುವುದರಿಂದ ಹಾಗೆ ಕೆರೆಯದಿದ್ದರೆ ಸಹಜ ಡಿಎನ್‌ಎ ಬೆರೆತು ಗೆಡ್ಡೆಯ ಸಂಕೇತ ತೆಳುವಾಗುತ್ತದೆ. ಗೆಡ್ಡೆಯಲ್ಲಿ ಒಂದು ಎಂಎಸ್‌ಎಚ್2 ನಾನ್‌ಸೆನ್ಸ್ ಮ್ಯುಟೇಶನ್ (ಪ್ರೋಟೀನ್ ತಯಾರಿಯನ್ನು ನಡುವೆಯೇ ನಿಲ್ಲಿಸುವಂಥದ್ದು) ಸಿಕ್ಕಿತು, ಶೇ 31ರಷ್ಟು ರೀಡ್‌ಗಳಲ್ಲಿ (ಯಂತ್ರ ಓದಿದ ಡಿಎನ್‌ಎ ತುಂಡುಗಳಲ್ಲಿ). ರಕ್ತದಲ್ಲಿ ಅದು ಇಲ್ಲ. ಜೀನಿನ ಇನ್ನೊಂದು ಪ್ರತಿ ಕಳೆದುಹೋದ ಗುರುತೂ ಇಲ್ಲ.

ಅಂದರೆ ಒಂದು ಪ್ರತಿಗೆ ಬಿದ್ದ ಪೆಟ್ಟು ಗೆಡ್ಡೆಯಲ್ಲಿ ಆದದ್ದು, ಇನ್ನೊಂದು ಪ್ರತಿಗೆ ಬಿದ್ದದ್ದು ಕಾಣುತ್ತಿಲ್ಲ. ಆದರೆ ಪ್ರೋಟೀನ್ ಪೂರ್ತಿ ಇಲ್ಲ. ಕುಟುಂಬದಲ್ಲಿ ಮೂವರಿಗೆ ರೋಗ. ಲೆಕ್ಕ ಸೇರಬೇಕಾದರೆ ಕಾಣದ ಆ ಪೆಟ್ಟು ಹುಟ್ಟಿನಿಂದಲೇ ಬಂದಿರಬೇಕು, ನಮ್ಮ ಓದಿಗೆ ಸಿಗದ ಜಾಗದಲ್ಲಿರಬೇಕು. ಗೆಡ್ಡೆ ಮತ್ತು ರಕ್ತ ಎರಡನ್ನೂ ಒಂದೇ ಸಾಫ್ಟ್‌ವೇರ್ ಸರಣಿಯಲ್ಲಿ ಹಾಯಿಸಿದ್ದರು ಎಂಬುದು ಗಮನಿಸಬೇಕಾದ ಅಂಶ. ಒಂದರಲ್ಲಿ ತಪ್ಪಿದ್ದು ಇನ್ನೊಂದರಲ್ಲೂ ತಪ್ಪುತ್ತದೆ. ‘ಎರಡು ಕಡೆ ನೋಡಿದ್ದೇವೆ’ ಎಂಬ ಧೈರ್ಯಕ್ಕೆ ಆಧಾರವಿಲ್ಲ.

ಆರ್‌ಎನ್‌ಎ ಕೊಟ್ಟ ಸುಳಿವು

ಮುಂದಿನ ಹೆಜ್ಜೆ ಜೀನಿನ ಆರ್‌ಎನ್‌ಎ, ಅಂದರೆ ಪ್ರೋಟೀನ್ ಮಾಡಲು ಜೀನಿನಿಂದ ತೆಗೆದ ನಕಲು, ನೋಡುವುದು. ಇಂಟ್ರಾನ್‌ನಲ್ಲಿ ಎಲ್ಲೇ ಅಡಗಿದ ದೋಷವಾದರೂ ಅದು ಕೆಡುಕು ಮಾಡುವುದು ಆರ್‌ಎನ್‌ಎ ಕತ್ತರಿಸಿ ಜೋಡಿಸುವ ಹಂತದಲ್ಲಿ, ಹಾಗಾಗಿ ಇಲ್ಲಿ ಬಾಲ ಸಿಗುತ್ತದೆ. ಎರಡು ಮಾದರಿ ತೆಗೆದುಕೊಳ್ಳಲಾಯಿತು: ಆರ್‌ಎನ್‌ಎ ಕೆಡದಂತೆ ಹಿಡಿದಿಡುವ ದ್ರಾವಣವಿರುವ ಟ್ಯೂಬಿನಲ್ಲಿ 2.5 ಮಿ.ಲೀ. ರಕ್ತ, ಹೆಪಾರಿನ್ ಟ್ಯೂಬಿನಲ್ಲಿ ಲಿಂಫೋಸೈಟ್ ಬೆಳೆಸಲು ಇನ್ನಷ್ಟು. ಬೆಳೆಸಿದ ಕೋಶಗಳ ಅರ್ಧ ಭಾಗಕ್ಕೆ ಕೊನೆಯ 4–6 ಗಂಟೆ ಪ್ಯೂರೋಮೈಸಿನ್ ಹಾಕುತ್ತಾರೆ. ಓದು ನಡುವೆಯೇ ನಿಲ್ಲುವ ಕೆಟ್ಟ ಆರ್‌ಎನ್‌ಎಯನ್ನು ಜೀವಕೋಶ ತಾನೇ ನಾಶ ಮಾಡುತ್ತದೆ. ಪ್ಯೂರೋಮೈಸಿನ್ ಆ ನಾಶವನ್ನು ತಡೆಯದಿದ್ದರೆ ಹುಡುಕುತ್ತಿರುವ ಸಾಕ್ಷ್ಯವೇ ಇಲ್ಲವಾಗುತ್ತದೆ.

ಆರ್‌ಎನ್‌ಎಯನ್ನು ಸಿಡಿಎನ್‌ಎ (ಡಿಎನ್‌ಎ ರೂಪದ ನಕಲು) ಮಾಡಿ, 3ನೇ ಎಕ್ಸಾನ್‌ನಿಂದ 7ನೇ ಎಕ್ಸಾನ್‌ವರೆಗೆ ಪಿಸಿಆರ್ ನಡೆಸಲಾಯಿತು. ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಆರೋಗ್ಯವಂತರ ಸಾಲುಗಳಲ್ಲಿ ಸುಮಾರು 660 ಬೇಸ್‌ನ ಒಂದೇ ಪಟ್ಟಿ. ರೋಗಿಯ ಸಾಲಿನಲ್ಲಿ ಅದರ ಕೆಳಗೆ ಸುಮಾರು 510ರ ಇನ್ನೊಂದು ಪಟ್ಟಿ, ಮೇಲಿನದಕ್ಕಿಂತ ಕೊಂಚ ದಟ್ಟ. ಎರಡರ ನಡುವೆ ಮಸುಕಾದ ಮೂರನೆಯದೂ ಇತ್ತು. ಆ ಮೂರನೆಯದು ಹೊಸ ಆರ್‌ಎನ್‌ಎ ಅಲ್ಲ, ಉದ್ದದ್ದೂ ಗಿಡ್ಡದ್ದೂ ಒಂದಕ್ಕೊಂದು ಅಂಟಿಕೊಂಡ ಮಿಶ್ರ ಎಳೆ. ಕೆಳಗಿನ ಪಟ್ಟಿ ದಟ್ಟವಾಗಿರುವುದಕ್ಕೂ ಅರ್ಥ ಹುಡುಕಬೇಕಿಲ್ಲ, ಪಿಸಿಆರ್‌ಗೆ ಗಿಡ್ಡ ತುಂಡು ಸಲೀಸು. ಆರೋಗ್ಯವಂತರಲ್ಲೂ ಅಲ್ಪ ಪ್ರಮಾಣದಲ್ಲಿ ಎಕ್ಸಾನ್ ಹಾರಿಹೋಗುವುದುಂಟು, ಆದ್ದರಿಂದ ಪಕ್ಕದಲ್ಲಿ ನಾಲ್ಕೈದು ಕಂಟ್ರೋಲ್ ಇಲ್ಲದೆ ಈ ಜೆಲ್‌ಗೆ ಬೆಲೆಯಿಲ್ಲ.

150 ಬೇಸ್‌ನ ವ್ಯತ್ಯಾಸ. ಎಂಎಸ್‌ಎಚ್2ರಲ್ಲಿ 5ನೇ ಎಕ್ಸಾನ್ 793ರಿಂದ 942ನೇ ಬೇಸ್‌ವರೆಗೆ ಇದೆ, ಸರಿಯಾಗಿ 150. ಜೀವಕೋಶ ಅಕ್ಷರಗಳನ್ನು ಮೂರುಮೂರಾಗಿ ಓದುತ್ತದೆ. ಮೂರರಿಂದ ಭಾಗವಾಗುವ ಸಂಖ್ಯೆಯಾದ್ದರಿಂದ ಓದುವ ಚೌಕಟ್ಟು ಕೆಡುವುದಿಲ್ಲ, ನಡುವಿನ 50 ಅಮೈನೊ ಆಮ್ಲಗಳಷ್ಟೇ ಹೋಗುತ್ತವೆ. ಪ್ಯೂರೋಮೈಸಿನ್ ಹಾಕಿದ್ದಕ್ಕೂ ಹಾಕದ್ದಕ್ಕೂ ವ್ಯತ್ಯಾಸ ಕಾಣದಿರಲು ಇದೇ ಕಾರಣ. ಪಟ್ಟಿಯನ್ನು ಕತ್ತರಿಸಿ ಓದಿದಾಗ 4ನೇ ಎಕ್ಸಾನ್ ನೇರವಾಗಿ 6ಕ್ಕೆ ಅಂಟಿತ್ತು.

ಅಡಗಿದ್ದ ಜಾಗ

ಈಗ ಹುಡುಕುವ ವ್ಯಾಪ್ತಿ 5ನೇ ಎಕ್ಸಾನ್‌ನ ಎರಡು ಅಂಚುಗಳಿಗೆ ಇಳಿಯಿತು. ಮೂಲ ರೀಡ್‌ಗಳನ್ನು ತೆರೆದು ಕಣ್ಣಾರೆ ನೋಡಿದಾಗ, ಎಕ್ಸಾನ್ ಮುಗಿದ ಮೂರನೇ ಅಕ್ಷರದಲ್ಲಿ ಎ ಇರಬೇಕಾದಲ್ಲಿ ಕೆಲವು ರೀಡ್‌ಗಳಲ್ಲಿ ಟಿ ಕಂಡಿತು. ಸಿ.942+3ಎ>ಟಿ. ಆ ಜಾಗದಲ್ಲಿದ್ದ 62 ರೀಡ್‌ಗಳಲ್ಲಿ 11, ಅಂದರೆ ಶೇ 18. ತಂದೆ ಅಥವಾ ತಾಯಿಯಿಂದ ಬಂದ ವೇರಿಯಂಟ್ ಶೇ 50ರ ಸುತ್ತ ಇರಬೇಕು. ಜೊತೆಗೆ ಹನ್ನೊಂದೂ ಒಂದೇ ದಿಕ್ಕಿನಿಂದ ಓದಿದ ರೀಡ್‌ಗಳು. ಸಾಫ್ಟ್‌ವೇರ್ ಇದನ್ನು ಯಂತ್ರದ ತಪ್ಪು ಎಂದು ಎರಡು ಕಾರಣಕ್ಕೆ ತಳ್ಳಿಹಾಕಿತ್ತು: ಪ್ರಮಾಣ ಕಡಿಮೆ, ದಿಕ್ಕಿನ ಪಕ್ಷಪಾತ.

ಹಾಗಾಗಲು ಕಾರಣ ಆ ಜಾಗದ ರಚನೆ. 5ನೇ ಎಕ್ಸಾನ್ ಮುಗಿದು ಜಿ, ಟಿ ಎಂಬ ಎರಡು ಅಕ್ಷರ ಆದ ಕೂಡಲೇ ಸುಮಾರು 26 ಎಗಳ ಸಾಲು ಶುರುವಾಗುತ್ತದೆ. ಈ ಸಾಲೇ ಬಿಎಟಿ-26. ಗೆಡ್ಡೆಯ ಅಸ್ಥಿರತೆ ಅಳೆಯಲು ಎಲ್ಲರೂ ಬಳಸುವ ಗುರುತು, ಎಂಎಸ್‌ಎಚ್2 ಜೀನಿನ ಒಳಗೇ ಇದೆ, ಮತ್ತು ಮ್ಯುಟೇಶನ್ ಅದರ ಮೊದಲ ಎ ಮೇಲೆಯೇ ಬಿದ್ದಿದೆ. ಎಕ್ಸಾನ್ ಕಡೆಯಿಂದ ಬರುವ ರೀಡ್ ಈ ಅಕ್ಷರವನ್ನು ಚೊಕ್ಕವಾಗಿ ಓದಿ ಆಮೇಲೆ ಸಾಲಿನಲ್ಲಿ ತೊಡರುತ್ತದೆ. ಎದುರು ದಿಕ್ಕಿನಿಂದ ಬರುವ ರೀಡ್ ಮೊದಲು ಇಡೀ ಸಾಲನ್ನು ದಾಟಬೇಕು. ಪಿಸಿಆರ್‌ನಲ್ಲೇ ಪಾಲಿಮರೇಸ್ ಜಾರಿ ಸಾಲು ಒಂದೆರಡು ಅಕ್ಷರ ಉದ್ದವೋ ಗಿಡ್ಡವೋ ಆಗಿರುತ್ತದೆ, ಯಂತ್ರದಲ್ಲಿ ಹಿಂದಿನ ಅಕ್ಷರಗಳ ಸಂಕೇತ ಮುಂದಿನದರ ಮೇಲೆ ಬಿದ್ದು ಗುಣಮಟ್ಟ ಕುಸಿಯುತ್ತದೆ. ಕೊನೆಯಲ್ಲಿ ಬರುವ ಒಂಟಿ ಟಿ ಆ ಗದ್ದಲದಲ್ಲಿ ಸಾಲಿನ ಇನ್ನೊಂದು ಅಕ್ಷರ ಎಂದೇ ದಾಖಲಾಗುತ್ತದೆ. ಕೆಲವು ಪ್ರಯೋಗಾಲಯಗಳು ಇಂಥ ಏಕಾಕ್ಷರ ಸಾಲುಗಳನ್ನು ಮೊದಲೇ ಓದಿನಿಂದ ಮರೆಮಾಡಿರುತ್ತವೆ. ಅಲ್ಲಂತೂ ನೋಡಲು ಸಿಗುವುದೇ ಇಲ್ಲ.

ಖಚಿತಪಡಿಸಲು ಒಂದೇ ಜಾಗವನ್ನು ಅಕ್ಷರಕ್ಕಕ್ಷರ ಓದುವ ಸ್ಯಾಂಗರ್ ವಿಧಾನ. ಪ್ರೈಮರ್ ಎಕ್ಸಾನ್ ಕಡೆಯಿಂದಲೇ ಇರಬೇಕು. ಆ ದಿಕ್ಕಿನಲ್ಲಿ ಮೂರನೇ ಅಕ್ಷರದಲ್ಲಿ ಎ ಮತ್ತು ಟಿಯ ಎರಡು ಶಿಖರ ಒಂದರ ಮೇಲೊಂದು ಸ್ಪಷ್ಟವಾಗಿ ಕಂಡವು, ಅದರಾಚೆ ಎಲ್ಲ ಕಲಸಿಹೋಯಿತು. ಎದುರು ದಿಕ್ಕಿನ ಓದು ನಿರುಪಯೋಗಿ. ‘ಎರಡೂ ದಿಕ್ಕಿನಲ್ಲಿ ಖಚಿತವಾಗಬೇಕು’ ಎಂಬ ಪ್ರಯೋಗಾಲಯದ ನಿಯಮಕ್ಕೆ ಇಲ್ಲಿ ಲಿಖಿತ ವಿನಾಯಿತಿ ಕೊಡಬೇಕು. ಇಲ್ಲವಾದರೆ ಸಿಕ್ಕಿದ್ದನ್ನೂ ಕೈಬಿಡಬೇಕಾಗುತ್ತದೆ. ಇದೇ ವೇರಿಯಂಟ್ ಇರುವ ಗೊತ್ತಾದ ಡಿಎನ್‌ಎಯನ್ನು ಪಾಸಿಟಿವ್ ಕಂಟ್ರೋಲ್ ಆಗಿ ಪಕ್ಕದಲ್ಲಿ ಓಡಿಸಿದರೆ ಅನುಮಾನಕ್ಕೆ ಎಡೆಯಿಲ್ಲ.

ಈ ವೇರಿಯಂಟ್ ಹೊಸದಲ್ಲ. ಜಗತ್ತಿನ ಬೇರೆ ಬೇರೆ ಜನಸಮುದಾಯಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಎ ಸಾಲಿನ ಅಂಚು ನಕಲಾಗುವಾಗ ತಪ್ಪಿಗೆ ಒಳಗಾಗುವ ಜಾಗವಾದ್ದರಿಂದ ತಂದೆತಾಯಿಯಲ್ಲಿ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಹುಟ್ಟಿದ ಉದಾಹರಣೆಗಳೂ ಇವೆ. ರೋಗಕಾರಕ ಎಂಬುದರಲ್ಲಿ ವಿವಾದವಿಲ್ಲ. ಗೊತ್ತಿರುವ ಮ್ಯುಟೇಶನ್ನೇ ಗೊತ್ತಿರುವ ಜಾಗದಲ್ಲಿದ್ದೂ ತಪ್ಪಿತು. ಎಂಎಸ್‌ಎಚ್2 ಕಾಣೆಯಾದ ಯಾವುದೇ ಪ್ರಕರಣದಲ್ಲಿ ಆರ್‌ಎನ್‌ಎವರೆಗೆ ಹೋಗುವ ಮೊದಲು ಈ ಒಂದು ಅಕ್ಷರವನ್ನು ಕಣ್ಣಿಂದ ನೋಡಲು ಐದು ನಿಮಿಷ ಸಾಕು. ಅನುಕ್ರಮ ಹೀಗಿರಲಿ: ಮೊದಲು ಇದು, ಆಮೇಲೆ ಎಂಎಲ್‌ಪಿಎ, ತಿರುವಿನ ಪಿಸಿಆರ್, ಗೆಡ್ಡೆಯ ಓದು, ಕೊನೆಗೆ ಆರ್‌ಎನ್‌ಎ. ಫಿಲ್ಟರ್‌ಗಳನ್ನು ಇಡೀ ಪ್ಯಾನೆಲ್‌ಗೆ ಸಡಿಲಿಸಿದರೆ ಸುಳ್ಳು ಪಾಸಿಟಿವ್‌ಗಳ ರಾಶಿ ಬೀಳುತ್ತದೆ. ಈ ಜಾಗಕ್ಕೆ ಮಾತ್ರ ಪ್ರತ್ಯೇಕ ನಿಯಮ ಬರೆಯುವುದು ಸರಿ.

ಕುಟುಂಬದ ಕಡೆ

ತಾಯಿಯಲ್ಲಿ ಅದೇ ವೇರಿಯಂಟ್ ಸಿಕ್ಕಿತು. ತಂಗಿಯಲ್ಲೂ. ಅವರ ಹಳೆಯ ರೀಡ್‌ಗಳನ್ನು ಮತ್ತೆ ತೆರೆದಾಗ ಅಲ್ಲಿಯೂ ಟಿ ಇತ್ತು, ಅದೂ ಅದೇ ಫಿಲ್ಟರ್‌ನಲ್ಲಿ ಬಿದ್ದುಹೋಗಿತ್ತು. ತಂಗಿಗೆ ಕೊಲೊನೋಸ್ಕೋಪಿ ಮಾಡಿದಾಗ ಬಲಭಾಗದಲ್ಲಿ 8 ಮಿ.ಮೀ. ಚಪ್ಪಟೆ ಅಡಿನೋಮ (ಕ್ಯಾನ್ಸರ್‌ಗೆ ತಿರುಗಬಲ್ಲ ಪಾಲಿಪ್) ಸಿಕ್ಕಿ ತೆಗೆಯಲಾಯಿತು. ಲಿಂಚ್‌ನಲ್ಲಿ ಪಾಲಿಪ್‌ಗಳು ಸಂಖ್ಯೆಯಲ್ಲಿ ಹೆಚ್ಚಿರುವುದಿಲ್ಲ, ಆದರೆ ಬೇಗ ಕ್ಯಾನ್ಸರ್‌ಗೆ ತಿರುಗುತ್ತವೆ, ಚಪ್ಪಟೆಯಾಗಿದ್ದು ಕಣ್ಣಿಗೆ ಬೀಳುವುದೂ ಕಷ್ಟ. ಕರುಳು ಚೆನ್ನಾಗಿ ತೊಳೆದಿರದಿದ್ದರೆ ಆ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಮಾಡುವುದೇ ವಾಸಿ. ಎಂಎಸ್‌ಎಚ್2 ದೋಷ ಇರುವವರಿಗೆ 25ನೇ ವಯಸ್ಸಿನಿಂದ 1–2 ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ. ಹೆಂಗಸರಲ್ಲಿ ಗರ್ಭಕೋಶದ ಕ್ಯಾನ್ಸರ್ ಅಪಾಯ ಕರುಳಿನದಕ್ಕೆ ಸರಿಸಮವಾಗಿಯೇ ಇರುತ್ತದೆ. ಮಕ್ಕಳು ಸಾಕೆನಿಸಿದ ಮೇಲೆ, 35–40ರ ನಂತರ ಗರ್ಭಕೋಶ ಮತ್ತು ಅಂಡಾಶಯ ತೆಗೆಸುವ ಆಯ್ಕೆಯನ್ನು ತಂಗಿಯ ಮುಂದಿಡಲಾಯಿತು, ತೀರ್ಮಾನ ಅವರದೇ.

ಆಸ್ಪಿರಿನ್ ಬಗ್ಗೆ ಇರುವ ಪುರಾವೆ ಕ್ಯಾಪ್2 ಪ್ರಯೋಗದ್ದು: 861 ಲಿಂಚ್ ವಾಹಕರು, ದಿನಕ್ಕೆ 600 ಮಿ.ಗ್ರಾಂ. ಮೊದಲ ಕೆಲವು ವರ್ಷ ಏನೂ ವ್ಯತ್ಯಾಸ ಕಾಣಲಿಲ್ಲ. ದೀರ್ಘಕಾಲದ ಗಮನಿಕೆಯಲ್ಲಿ, 2020ರಲ್ಲಿ ಪ್ರಕಟವಾದಂತೆ, ಆಸ್ಪಿರಿನ್ ತೆಗೆದುಕೊಂಡವರಲ್ಲಿ ಶೇ 9, ಸುಳ್ಳುಮಾತ್ರೆಯವರಲ್ಲಿ ಶೇ 13 ಮಂದಿಗೆ ಕರುಳಿನ ಕ್ಯಾನ್ಸರ್ ಆಯಿತು. 600 ಮಿ.ಗ್ರಾಂ. ಹೊಟ್ಟೆಗೆ ದೊಡ್ಡ ಪ್ರಮಾಣ. ಹುಣ್ಣು, ರಕ್ತಸ್ರಾವದ ಚರಿತ್ರೆ ನೋಡಿಯೇ ವೈದ್ಯರು ಪ್ರಮಾಣ ನಿರ್ಧರಿಸಬೇಕು.

ರೋಗಿಗೆ ಶಸ್ತ್ರಚಿಕಿತ್ಸೆಯ ನಂತರ ಕೀಮೋ ಕೊಡಲಿಲ್ಲ. ಎರಡನೇ ಹಂತದ, ಇಂಥ ಅಸ್ಥಿರತೆಯಿರುವ ಗೆಡ್ಡೆಗಳಿಗೆ 5-ಫ್ಲೂರೋಯುರಾಸಿಲ್ ಒಂದನ್ನೇ ಕೊಡುವುದರಿಂದ ಲಾಭವಿಲ್ಲ. ಮುಂದೆಂದಾದರೂ ಹರಡಿದರೆ ಪೆಂಬ್ರೊಲಿಜುಮಾಬ್‌ನಂಥ ಇಮ್ಯುನೊಥೆರಪಿ ಮೊದಲ ಆಯ್ಕೆಯಾಗುತ್ತದೆ ಎಂದು ಅವರ ಕಡತದ ಮೊದಲ ಪುಟದಲ್ಲೇ ಬರೆಯಲಾಗಿದೆ. ಉಳಿದ ಕರುಳಿಗೆ ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ.

ಸೋದರಮಾವನ ಇಬ್ಬರು ಮಕ್ಕಳಿಗೆ ಪತ್ರದ ಮೂಲಕ ತಿಳಿಸಲಾಯಿತು. ಪತ್ರದಲ್ಲಿ ವೇರಿಯಂಟ್‌ನ ಪೂರ್ಣ ಹೆಸರಿನ ಜೊತೆಗೆ ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೆ ಒಂದು ಸೂಚನೆಯೂ ಇದೆ: ಪ್ಯಾನೆಲ್ ಬೇಡ, ಎಕ್ಸಾನ್ ಕಡೆಯ ಪ್ರೈಮರ್‌ನಿಂದ ಸ್ಯಾಂಗರ್ ಓದು, ಕುಟುಂಬದ ಪಾಸಿಟಿವ್ ಡಿಎನ್‌ಎ ಕಂಟ್ರೋಲ್ ಆಗಿ ಕಡ್ಡಾಯ. ದೊಡ್ಡವನು ಪರೀಕ್ಷೆ ಮಾಡಿಸಿಕೊಂಡ, ಅವನಲ್ಲಿ ಇಲ್ಲ. ಇದು ನಿಜವಾದ ನೆಗೆಟಿವ್, ಅವನ ಮಕ್ಕಳಿಗೂ ಅವನಿಂದ ಬರುವುದಿಲ್ಲ. ಚಿಕ್ಕವನು ಇನ್ನೂ ಒಪ್ಪಿಲ್ಲ. ಅವನಿಗೆ 29, ಪರೀಕ್ಷೆ ಬೇಡವಾದರೂ ಕೊಲೊನೋಸ್ಕೋಪಿ ಶುರುಮಾಡಲು ವಯಸ್ಸಾಗಿದೆ ಎಂದು ತಿಳಿಸಲಾಗಿದೆ. ರೋಗಿಯ ಮಗಳಿಗೆ 11. ಅವಳ ಪರೀಕ್ಷೆ ಅವಳು ವಯಸ್ಕಳಾದ ಮೇಲೆ, ಅವಳೇ ಕೇಳಿದಾಗ.